ಸಿಎ-125 ಒಂದು ಕಡೆ, ಸ್ಕ್ಯಾನಿಂಗ್ ಒಂದು ಕಡೆ: ಓವರಿ ಕ್ಯಾನ್ಸರ್ ರಿಪೋರ್ಟ್‌ಗಳನ್ನ ಹೆಂಗೆ ನೋಡ್ಬೇಕು

ಮಾರ್ಚ್ ತಿಂಗಳು ಬಂತು ಅಂದ್ರೆ ವಿಮೆನ್ಸ್ ಡೇ ಪ್ಯಾಕೇಜ್ ಅಂತ ವಾಟ್ಸಾಪ್ ತುಂಬ ಪಿಂಕ್ ಕಲರ್ ಪೋಸ್ಟರ್‌ಗಳು. ಥೈರಾಯ್ಡ್, ವಿಟಮಿನ್ ಡಿ, ಬಿ12, ಶುಗರ್ ಎಲ್ಲಾ ಹಾಕಿ ಕೊನೇಲಿ "ಓವರಿ ಕ್ಯಾನ್ಸರ್ ಮಾರ್ಕರ್ ಸಿಎ-125" ಅಂತ ಒಂದು ಸಾಲು ಇರತ್ತೆ, ಆ ಸಾಲು ನೋಡಿನೇ ಎಷ್ಟೋ ಜನ ಬುಕ್ ಮಾಡ್ತಾರೆ. ಸಿಎ-125 ಅಂದ್ರೆ ರಕ್ತದಲ್ಲಿ ಅಳೆಯೋ ಒಂದು ಪ್ರೋಟೀನ್. ನಾನು ಲ್ಯಾಬ್ ಟೆಕ್ನಿಷಿಯನ್, ಡಾಕ್ಟರಲ್ಲ. ರಕ್ತ ತಗೊಂಡು ಮಶೀನಿಗೆ ಹಾಕಿ ರಿಪೋರ್ಟ್ ಕೊಡೋ ಕಡೆ ಕೂತಿರೋಳು. ರಿಪೋರ್ಟಲ್ಲಿ 35ರ ಮೇಲೆ ಏನೇ ಬಂದ್ರೂ ಸಾಫ್ಟ್‌ವೇರ್ ತಾನಾಗೇ ದಪ್ಪ ಅಕ್ಷರ ಮಾಡಿ ಪಕ್ಕದಲ್ಲಿ ಒಂದು 'ಎಚ್' (ಹೈ, ಅಂದ್ರೆ ಜಾಸ್ತಿ) ಹಾಕತ್ತೆ, 36 ಬಂದ್ರೂ ಅದೇ ಎಚ್, 3600 ಬಂದ್ರೂ ಅದೇ ಎಚ್. ಆ ಒಂದಕ್ಷರ ನೋಡ್ಕೊಂಡು ಕೌಂಟರ್ ಮುಂದೇನೇ ಅಳೋರನ್ನ ನೋಡಿದೀನಿ, ಹಾಗೇ 18 ಬಂದಿದೆ ಅಂತ ಖುಷಿಯಾಗಿ ಹೋಗಿ ಹೊಟ್ಟೆ ನೋವನ್ನ ಇನ್ನಾರು ತಿಂಗಳು ತಡ್ಕೊಂಡೋರನ್ನೂ ನೋಡಿದೀನಿ. ಎರಡೂ ತಪ್ಪೇ. ರಕ್ತದ ನಂಬರ್ ಹೇಳೋದೇ ಬೇರೆ, ಸ್ಕ್ಯಾನ್ ಹೇಳೋದೇ ಬೇರೆ, ಯಾವುದು ಮುಖ್ಯ ಅನ್ನೋದು ನಿಮ್ಮ ವಯಸ್ಸು, ಮುಟ್ಟು ನಿಂತಿದ್ಯಾ ಇಲ್ವಾ, ತೊಂದ್ರೆ ಇದ್ಯಾ ಇಲ್ವಾ ಅನ್ನೋದರ ಮೇಲೆ ಹೋಗತ್ತೆ.

ಹಂಗಾಗಿ ಟೆಸ್ಟ್ ಬುಕ್ ಮಾಡೋಕೆ ಮುಂಚೆ ನೀವು ಯಾವ ಸಾಲಲ್ಲಿ ಇದೀರಿ ಅಂತ ನೋಡ್ಕೊಳ್ಳಿ.

ಏನೂ ತೊಂದ್ರೆ ಇಲ್ಲ, ಸುಮ್ನೆ ಚೆಕ್ ಮಾಡಿಸ್ಕೊಳ್ಳೋಣ ಅಂತಿದ್ರೆ

ಬೇಡ. ರಕ್ತದ ಟೆಸ್ಟೂ ಬೇಡ, ಸ್ಕ್ಯಾನೂ ಬೇಡ. ಲ್ಯಾಬಲ್ಲಿ ಕೆಲಸ ಮಾಡ್ಕೊಂಡು ಹಿಂಗೆ ಹೇಳ್ತಾಳಲ್ಲ ಅನ್ಬೋದು, ಆದ್ರೆ ಇದು ನನ್ನ ಅಭಿಪ್ರಾಯ ಅಲ್ಲ, ಲಕ್ಷಗಟ್ಟಲೆ ಹೆಂಗಸರ ಮೇಲೆ ನೋಡಿ ತೀರ್ಮಾನ ಆಗಿರೋ ವಿಷಯ. ಬ್ರಿಟನ್‌ನಲ್ಲಿ ಯುಕೆಸಿಟಿಓಸಿಎಸ್ ಅಂತ ಒಂದು ದೊಡ್ಡ ಟ್ರಯಲ್ ನಡೀತು, 2001ರಿಂದ 2005ರ ತನಕ 50ರಿಂದ 74 ವಯಸ್ಸಿನ 2,02,638 ಜನ ಮುಟ್ಟು ನಿಂತ ಹೆಂಗಸರನ್ನ ಸೇರಿಸ್ಕೊಂಡ್ರು. ಒಂದು ಗುಂಪಿಗೆ ಪ್ರತಿ ವರ್ಷ ಸಿಎ-125 ನೋಡಿ ಅದು ಏರ್ತಾ ಇದ್ರೆ ಸ್ಕ್ಯಾನ್, ಇನ್ನೊಂದು ಗುಂಪಿಗೆ ಪ್ರತಿ ವರ್ಷ ಬರೀ ಸ್ಕ್ಯಾನ್, ಮೂರನೇ ಗುಂಪಿಗೆ ಏನೂ ಇಲ್ಲ. 2021ರಲ್ಲಿ ಕೊನೇ ಲೆಕ್ಕ ಬಂತು: ರಕ್ತದ ಟೆಸ್ಟ್ ಮಾಡಿಸಿದ ಗುಂಪಲ್ಲಿ ಮೊದಲ ಸ್ಟೇಜಿನ ಕ್ಯಾನ್ಸರ್ ಜಾಸ್ತಿ ಸಿಕ್ತು ನಿಜ, ಆದ್ರೆ ಓವರಿ ಕ್ಯಾನ್ಸರಿಂದ ಸತ್ತೋರ ಸಂಖ್ಯೆ ಮೂರೂ ಗುಂಪಲ್ಲಿ ಹೆಚ್ಚುಕಮ್ಮಿ ಒಂದೇ. ಬೇಗ ಸಿಕ್ಕಿದ್ರೂ ಜೀವ ಉಳೀಲಿಲ್ಲ ಅಂದ್ರೆ ಏನರ್ಥ ಅಂತ ಮೊದಲು ಓದಿದಾಗ ನಂಗೂ ತಲೆ ಕೆಟ್ಟಿತ್ತು. ಒಂದು ಕಾರಣ ಏನಂದ್ರೆ ಜಾಸ್ತಿ ಜನರನ್ನ ಸಾಯಿಸೋ ಹೈ-ಗ್ರೇಡ್ ಸೀರಸ್ ಅನ್ನೋ ಜಾತಿ ಎಷ್ಟೋ ಸಲ ಓವರಿಯಲ್ಲಿ ಹುಟ್ಟೋದೇ ಇಲ್ಲ, ಪಕ್ಕದ ಫೆಲೋಪಿಯನ್ ಟ್ಯೂಬಿನ (ಮೊಟ್ಟೆ ಸಾಗೋ ನಾಳದ) ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಹುಟ್ಟಿ ಅಲ್ಲಿಂದ ನೇರ ಹೊಟ್ಟೆ ಒಳಗೆ ಉದುರಿ ಹರಡ್ಕೊಳತ್ತೆ. ಸ್ಕ್ಯಾನಲ್ಲಿ ಗಡ್ಡೆ ಕಾಣೋ ಹೊತ್ತಿಗೆ, ರಕ್ತದಲ್ಲಿ ನಂಬರ್ ಏರೋ ಹೊತ್ತಿಗೆ ಅದು ಎಷ್ಟೋ ಸಲ ಊರು ಸುತ್ತಿ ಆಗಿರತ್ತೆ.

ಅಮೆರಿಕದ ಪಿಎಲ್‌ಸಿಓ ಟ್ರಯಲ್‌ದು ಇನ್ನೂ ಕಣ್ಣು ತೆರೆಸೋ ಲೆಕ್ಕ. 78,216 ಹೆಂಗಸರು, ಅರ್ಧ ಜನಕ್ಕೆ ಸಿಎ-125 ಮತ್ತು ಸ್ಕ್ಯಾನ್ ಎರಡೂ. ಅಲ್ಲೂ ಸಾವು ಕಮ್ಮಿ ಆಗ್ಲಿಲ್ಲ, ಬದಲಿಗೆ 3285 ಜನಕ್ಕೆ ಕ್ಯಾನ್ಸರ್ ಇಲ್ದೇ ಇದ್ರೂ ಟೆಸ್ಟ್ ಪಾಸಿಟಿವ್ ಬಂತು, ಅವರಲ್ಲಿ 1080 ಜನಕ್ಕೆ ಆಪರೇಷನ್ನೇ ಆಗೋಯ್ತು, ಆ ಆಪರೇಷನ್ನಿಂದ 163 ಜನಕ್ಕೆ ದೊಡ್ಡ ಕಾಂಪ್ಲಿಕೇಷನ್ ಆಯ್ತು. ಏನೂ ಇಲ್ಲದೋರಿಗೆ! ಅದಕ್ಕೇ ಅಲ್ಲಿನ ಸರ್ಕಾರಿ ತಜ್ಞರ ಸಮಿತಿ 2018ರಲ್ಲಿ ಮತ್ತೆ ಸ್ಪಷ್ಟವಾಗಿ ಹೇಳಿದೆ, ಲಕ್ಷಣ ಇಲ್ಲದ, ಮನೆತನದ ರಿಸ್ಕ್ ಇಲ್ಲದ ಹೆಂಗಸರಿಗೆ ಈ ಸ್ಕ್ರೀನಿಂಗ್ ಮಾಡ್ಬೇಡಿ ಅಂತ.

ಇದರ ಗಣಿತ ಸುಲಭ. ಮುಟ್ಟು ನಿಂತ ಹೆಂಗಸರಲ್ಲಿ ಯಾವುದೇ ಸಮಯಕ್ಕೆ ಸುಮಾರು 2500ಕ್ಕೆ ಒಬ್ಬರಿಗೆ ಈ ಕಾಯಿಲೆ ಇರತ್ತೆ ಅಂತ ಅಮೆರಿಕದ ಅಂದಾಜು. ಟೆಸ್ಟು ನೂರಕ್ಕೆ ಒಬ್ಬರಿಗೆ ಮಾತ್ರ ಸುಳ್ಳು ಹೇಳತ್ತೆ ಅಂತಾನೇ ಇಟ್ಕೊಳ್ಳಿ, ಆಗ್ಲೂ 2500 ಜನರಲ್ಲಿ 25 ಜನಕ್ಕೆ ಸುಳ್ಳು ಗಾಬರಿ, ನಿಜವಾಗ್ಲೂ ಇರೋದು ಒಬ್ಬರಿಗೆ. ಪ್ಯಾಕೇಜ್ ಪೋಸ್ಟರಲ್ಲಿ ಇದನ್ನ ಯಾರೂ ಹಾಕಲ್ಲ ಬಿಡಿ.

ಇನ್ನೊಂದು, ಪ್ಯಾಪ್ ಸ್ಮಿಯರ್ ಮಾಡಿಸಿದೀನಿ ಅದಕ್ಕೆ ಓವರಿ ಸೇಫು ಅಂತ ತುಂಬಾ ಜನ ಅನ್ಕೊಂಡಿದಾರೆ. ಅದು ಗರ್ಭಕೋಶದ ಬಾಯಿಗೆ ಮಾಡೋ ಟೆಸ್ಟು, ಓವರಿಗೂ ಅದಕ್ಕೂ ಸಂಬಂಧ ಇಲ್ಲ. ಪಿಸಿಓಡಿ ಇದೆ ಅಂತ ಸಿಎ-125 ಮಾಡಿಸೋಕೆ ಬರೋ ಹುಡುಗೀರಿಗೂ ಅದೇ ಮಾತು, ಪಿಸಿಓಡಿಯಲ್ಲಿ ಕಾಣೋ ಸಣ್ಣ ಸಣ್ಣ ಗುಳ್ಳೆಗಳು ಈ ಲೆಕ್ಕಕ್ಕೆ ಬರೋದೇ ಇಲ್ಲ.

ತೊಂದ್ರೆ ಇದೆ ಅಂದ್ರೆ

ಆಗ ಕಥೆ ಬೇರೆ, ಆಗ ಇದು ಸ್ಕ್ರೀನಿಂಗ್ ಅಲ್ಲ, ಪತ್ತೆ ಮಾಡೋದು. ನಮ್ಮಲ್ಲಿ ಹೊಟ್ಟೆಗೆ ಏನೇ ಆದ್ರೂ ಹೆಸರು ಒಂದೇ, ಗ್ಯಾಸ್ಟ್ರಿಕ್. ಊಟಕ್ಕೆ ಕೂತ್ರೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗೋದು, ಹೊಟ್ಟೆ ಉಬ್ಬರ, ಸೀರೆ ಉಡೋವಾಗ ಲಂಗದ ಲಾಡಿ ಬಿಗಿ ಆಗ್ತಿದೆ ಆದ್ರೆ ಕೈಕಾಲು ಸೊರಗ್ತಿದೆ, ಕಿಬ್ಬೊಟ್ಟೆ ನೋವು, ಪದೇ ಪದೇ ಯೂರಿನ್‌ಗೆ ಓಡೋದು, ಇದಕ್ಕೆಲ್ಲಾ ಮೆಡಿಕಲ್ ಶಾಪಿಂದ ಗ್ಯಾಸ್ ಮಾತ್ರೆ, ಜೀರಿಗೆ ಕಷಾಯ, ಅಲ್ಲಿಗೆ ಮುಗೀತು. ಒಂದೆರಡು ದಿನ ಎಲ್ಲರಿಗೂ ಆಗತ್ತೆ, ಅದಕ್ಕೆ ಹೆದರೋದು ಬೇಡ. ಆದ್ರೆ ಇದು ಹೊಸದಾಗಿ ಶುರುವಾಗಿದೆ, ತಿಂಗಳಲ್ಲಿ 12 ಸಲಕ್ಕಿಂತ ಜಾಸ್ತಿ ಆಗ್ತಿದೆ, ವಯಸ್ಸು 50ರ ಆಸುಪಾಸು ಅಥವಾ ಮೇಲೆ ಅಂದ್ರೆ ಗ್ಯಾಸ್ ಮಾತ್ರೆ ಬಿಟ್ಟು ಹೆಂಗಸರ ಡಾಕ್ಟ್ರ ಹತ್ರ ಹೋಗಿ. 12 ಸಲ ಅನ್ನೋದು ನಾನು ಹುಟ್ಟಿಸಿದ ಲೆಕ್ಕ ಅಲ್ಲ, ಬ್ರಿಟನ್ನಿನ ಡಾಕ್ಟ್ರುಗಳಿಗೆ ಕೊಟ್ಟಿರೋ ಗೈಡ್‌ಲೈನಲ್ಲೇ ಇದೆ. 50 ದಾಟಿದ ಮೇಲೆ ಮೊದಲ ಸಲ 'ಐಬಿಎಸ್' (ಹೊಟ್ಟೆ ನೋವು, ಉಬ್ಬರ ಕೊಡೋ ಕರುಳಿನ ತೊಂದ್ರೆ) ಅಂತ ಯಾರಾದ್ರೂ ಹೇಳಿದ್ರೂ ಒಂದ್ಸಲ ಓವರಿ ನೋಡಿಸಿ, ಯಾಕಂದ್ರೆ ಐಬಿಎಸ್ ಆ ವಯಸ್ಸಲ್ಲಿ ಹೊಸದಾಗಿ ಶುರುವಾಗೋದು ಅಪರೂಪ.

ಬ್ರಿಟನ್ನಲ್ಲಿ ಇಂಥೋರಿಗೆ ಮೊದಲು ಸಿಎ-125, ಅದು 35 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಸ್ಕ್ಯಾನ್ ಅಂತ ಕ್ರಮ. ಅಲ್ಲಿ ಸ್ಕ್ಯಾನಿಗೆ ಕಾಯ್ಬೇಕು. ನಮ್ಮಲ್ಲಿ ತಾಲೂಕು ಸೆಂಟರಲ್ಲೂ ಸ್ಕ್ಯಾನಿಂಗ್ ಸೆಂಟರ್ ಇದೆ, ಹಂಗಾಗಿ ಇಲ್ಲಿ ಡಾಕ್ಟ್ರು ಸಾಮಾನ್ಯವಾಗಿ ಮೊದಲೇ ಸ್ಕ್ಯಾನ್ ಬರ್ಕೊಡ್ತಾರೆ, ನನ್ನ ಕೇಳಿದ್ರೆ ಅದೇ ಸರಿ. ದುಡ್ಡು ಒಂದಕ್ಕೇ ಇದೆ ಅಂದ್ರೆ ಸ್ಕ್ಯಾನಿಗೇ ಹಾಕಿ. ಸ್ಕ್ಯಾನಲ್ಲಿ ಏನೋ ಕಂಡ್ರೆ ಆಮೇಲೆ ರಕ್ತ.

ಸ್ಕ್ಯಾನ್ ಯಾವುದು, ಹೆಂಗೆ

ಬರೀ 'ಅಬ್ಡಾಮಿನ್ ಸ್ಕ್ಯಾನ್' ಅಂತ ಮಾಡಿಸಿದ್ರೆ ಲಿವರ್, ಕಿಡ್ನಿ, ಗಾಲ್‌ಬ್ಲಾಡರ್ ಚೆನ್ನಾಗಿ ನೋಡ್ತಾರೆ, ಓವರಿ ಎಷ್ಟೋ ಸಲ "ಗ್ಯಾಸ್ ಇರೋದ್ರಿಂದ ಸರಿಯಾಗಿ ಕಾಣ್ಲಿಲ್ಲ" ಅಂತ ಆಗೋಗತ್ತೆ. ಕೇಳ್ಬೇಕಾಗಿರೋದು ಟಿವಿಎಸ್, ಅಂದ್ರೆ ಒಳಗಿಂದ ಮಾಡೋ ಸ್ಕ್ಯಾನ್. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಇರೋ ಉದ್ದನೆ ಪ್ರೋಬಿಗೆ ಕಾಂಡೋಮ್ ಹಾಕಿ ಜೆಲ್ ಹಚ್ಚಿ ಯೋನಿ ಒಳಗಿಟ್ಟು ನೋಡ್ತಾರೆ, ಓವರಿಗೆ ತೀರಾ ಹತ್ರ ಹೋಗೋದ್ರಿಂದ ಚಿತ್ರ ಸ್ಪಷ್ಟ. ಹೊಟ್ಟೆ ಮೇಲಿನ ಸ್ಕ್ಯಾನಿಗೆ ನೀರು ಕುಡಿದು ಬ್ಲಾಡರ್ ತುಂಬಿಸ್ಕೊಂಡು ಕಾರಿಡಾರಲ್ಲಿ ಕಾಲು ಮೇಲೆ ಕಾಲು ಹಾಕ್ಕೊಂಡು ಕೂರ್ಬೇಕಲ್ಲ, ಇದಕ್ಕೆ ಉಲ್ಟಾ, ಯೂರಿನ್ ಪೂರ್ತಿ ಹೋಗಿ ಬರ್ಬೇಕು. ಹತ್ತು ಹದಿನೈದು ನಿಮಿಷ, ರೇಡಿಯೇಷನ್ ಇಲ್ಲ, ಸ್ವಲ್ಪ ಮುಜುಗರ ಬಿಟ್ರೆ ದೊಡ್ಡ ನೋವಿಲ್ಲ. ಮುಟ್ಟು ನಿಂತು ತುಂಬಾ ವರ್ಷ ಆಗಿ ಒಣಗಿರೋರಿಗೆ ಉರಿ ಆಗ್ಬೋದು, ಮೊದಲೇ ಹೇಳಿ, ಜೆಲ್ ಜಾಸ್ತಿ ಹಾಕ್ತಾರೆ. ಲೇಡಿ ಡಾಕ್ಟ್ರೇ ಬೇಕು ಅಂದ್ರೆ ಅಪಾಯಿಂಟ್‌ಮೆಂಟ್ ತಗೊಳೋವಾಗ್ಲೇ ಕೇಳಿ, ಹಾಸಿಗೆ ಮೇಲೆ ಮಲಗಿದ ಮೇಲೆ ಕೇಳಿದ್ರೆ ಇಬ್ಬರಿಗೂ ಕಿರಿಕಿರಿ. "ಮದುವೆ ಆಗಿದ್ಯಾ" ಅಂತ ಅಲ್ಲಿ ಕೇಳೋದು ಸಂಬಂಧ ಆಗಿದ್ಯಾ ಅಂತ ನೇರ ಕೇಳೋಕೆ ಸಂಕೋಚ ಇರೋದಕ್ಕೆ. ಆಗಿಲ್ಲ ಅಂದ್ರೆ ಹೊಟ್ಟೆ ಮೇಲಿಂದಾನೇ ಮಾಡ್ತಾರೆ, ಅದು ಸಾಲಲ್ಲ ಅಂದ್ರೆ ಎಂಆರ್‌ಐ.

ದೊಡ್ಡ ಗಡ್ಡೆ ಇದ್ರೆ, ಹೊಟ್ಟೇಲಿ ನೀರು ತುಂಬಿದ್ರೆ ಒಳಗಿಂದ ಪೂರ್ತಿ ಕಾಣಲ್ಲ, ಮೇಲಿಂದಾನೂ ನೋಡ್ಬೇಕು. ಅದಕ್ಕೆ ಎರಡನ್ನೂ ಮಾಡೋರು ಒಳ್ಳೇ ರೇಡಿಯಾಲಜಿಸ್ಟ್.

ಈಗ ರಿಪೋರ್ಟ್. ಜನರನ್ನ ತುಂಬಾ ಹೆದರಿಸೋ ಪದ 'ಕಾಂಪ್ಲೆಕ್ಸ್ ಸಿಸ್ಟ್'. ನಂಗೆ ಆ ಪದ ಕಂಡ್ರೆ ಸಿಟ್ಟು, ಯಾಕಂದ್ರೆ ಅದರಲ್ಲಿ ಏನೂ ಮಾಹಿತಿ ಇಲ್ಲ. ರಕ್ತ ತುಂಬ್ಕೊಂಡಿರೋ ಸಾಮಾನ್ಯ ಸಿಸ್ಟೂ ಕಾಂಪ್ಲೆಕ್ಸು, ಕೂದಲು ಕೊಬ್ಬು ತುಂಬ್ಕೊಂಡಿರೋ ಡರ್ಮಾಯ್ಡೂ ಕಾಂಪ್ಲೆಕ್ಸು, ಕ್ಯಾನ್ಸರೂ ಕಾಂಪ್ಲೆಕ್ಸು. ಬಿಡಿಸಿ ಬರೀಬೇಕು: ಎಷ್ಟು ಸೈಜು, ಒಳಗೆ ಎಷ್ಟು ಕೋಣೆ, ಗಟ್ಟಿ ಭಾಗ ಇದ್ಯಾ, ಗೋಡೆಯಿಂದ ಒಳಗೆ ಮೊಳಕೆ ತರ ಬೆಳೆದಿರೋ ಪ್ಯಾಪಿಲರಿ ಇದ್ಯಾ, ಡಾಪ್ಲರಲ್ಲಿ ರಕ್ತ ಓಡಾಟ ಎಷ್ಟು, ಹೊಟ್ಟೇಲಿ ನೀರಿದ್ಯಾ, ಎರಡೂ ಕಡೆ ಇದ್ಯಾ. ಇಷ್ಟು ಇಲ್ಲದ ರಿಪೋರ್ಟ್ ಆದ್ರೆ ವಾಪಸ್ ಹೋಗಿ ಕೇಳೋಕೆ ನಾಚ್ಕೋಬೇಡಿ. ವಯಸ್ಸಲ್ಲಿರೋರ, ಅಂದ್ರೆ ಇನ್ನೂ ಮುಟ್ಟಾಗ್ತಿರೋರ ರಿಪೋರ್ಟಲ್ಲಿ 'ಪಿಓಡಿಯಲ್ಲಿ (ಗರ್ಭಕೋಶದ ಹಿಂದಿನ ಜಾಗದಲ್ಲಿ) ಮಿನಿಮಲ್ ಫ್ರೀ ಫ್ಲುಯಿಡ್' ಅಂತ ಇದ್ರೆ ಅದು ಮೊಟ್ಟೆ ಬಿಡುಗಡೆ ಆದಾಗ ಸಾಮಾನ್ಯವಾಗಿ ಕಾಣೋ ಸ್ವಲ್ಪ ನೀರು, ಹೊಟ್ಟೆ ತುಂಬ ನೀರಲ್ಲ.

ಯುರೋಪಿನ ಐಓಟಿಎ ಅನ್ನೋ ತಂಡ 2008ರಲ್ಲಿ 'ಸಿಂಪಲ್ ರೂಲ್ಸ್' ಅಂತ ಮಾಡಿದಾರೆ, ಹೆಸರಿಗೆ ತಕ್ಕಂಗೆ ಸಿಂಪಲ್ಲಾಗೇ ಇದೆ. ಕೆಟ್ಟ ಗುರುತು ಐದು: ಅಂಕುಡೊಂಕಾದ ಗಟ್ಟಿ ಗಡ್ಡೆ, ಹೊಟ್ಟೇಲಿ ನೀರು, ಕನಿಷ್ಠ ನಾಲ್ಕು ಪ್ಯಾಪಿಲರಿ, 10 ಸೆಂಟಿಮೀಟರ್ ಅಥವಾ ಮೇಲಿರೋ ಕೋಣೆಕೋಣೆಯ ಅಂಕುಡೊಂಕು ಗಡ್ಡೆ ಜೊತೆಗೆ ಗಟ್ಟಿ ಭಾಗ, ಮತ್ತೆ ಜೋರಾದ ರಕ್ತ ಓಡಾಟ. ಒಳ್ಳೇ ಗುರುತೂ ಐದು: ಒಂದೇ ಕೋಣೆಯ ಸಿಸ್ಟ್, ಗಟ್ಟಿ ಭಾಗ ಇದ್ರೂ 7 ಮಿಲಿಮೀಟರಿಗಿಂತ ಕಮ್ಮಿ, ಹಿಂದೆ ನೆರಳು ಬೀಳೋದು, 10 ಸೆಂಟಿಮೀಟರಿಗಿಂತ ಚಿಕ್ಕದಾದ ನುಣುಪು ಗೋಡೆಯ ಕೋಣೆಕೋಣೆ ಸಿಸ್ಟ್, ರಕ್ತ ಓಡಾಟ ಇಲ್ಲವೇ ಇಲ್ಲ. ಬರೀ ಕೆಟ್ಟದ್ದು ಇದ್ರೆ ಕ್ಯಾನ್ಸರ್ ಸಂಶಯ, ಬರೀ ಒಳ್ಳೇದು ಇದ್ರೆ ಬಿನೈನ್ ಅಂದ್ರೆ ಕ್ಯಾನ್ಸರ್ ಅಲ್ಲದ್ದು, ಎರಡೂ ಬೆರೆತಿದ್ರೆ ಅಥವಾ ಯಾವುದೂ ಇಲ್ದಿದ್ರೆ ಅನುಭವ ಇರೋರ ಹತ್ರ ಇನ್ನೊಂದ್ಸಲ ಸ್ಕ್ಯಾನ್ ಅಥವಾ ಎಂಆರ್‌ಐ. ನೋಡಿ, ಈ ಹತ್ತರಲ್ಲಿ ಒಂದರಲ್ಲೂ ಸಿಎ-125 ಇಲ್ಲ! ಸ್ಕ್ಯಾನ್ ಚೆನ್ನಾಗಿ ನೋಡೋಕೆ ಬರೋರಿಗೆ ರಕ್ತದ ನಂಬರ್ ಅಷ್ಟೊಂದು ಬೇಕಾಗಲ್ಲ ಅನ್ನೋದು ಲ್ಯಾಬಿನೋರಿಗೆ ಸ್ವಲ್ಪ ಕಹಿ ಸತ್ಯ.

ದೊಡ್ಡ ಊರುಗಳಲ್ಲಿ ಈಗ ರಿಪೋರ್ಟ್ ಕೊನೇಲಿ ಓ-ರಾಡ್ಸ್ ಅಂತ ಒಂದು ನಂಬರ್ ಹಾಕ್ತಾರೆ. ಓ-ರಾಡ್ಸ್ 2 ಅಂದ್ರೆ ಕ್ಯಾನ್ಸರ್ ಸಾಧ್ಯತೆ ನೂರಕ್ಕೆ 1ಕ್ಕಿಂತ ಕಮ್ಮಿ, 3 ಅಂದ್ರೆ 1ರಿಂದ 10ರ ಒಳಗೆ, 4 ಅಂದ್ರೆ 10ರಿಂದ 50ರ ಒಳಗೆ, 5 ಅಂದ್ರೆ 50 ಮತ್ತು ಮೇಲೆ. 0 ಅಂದ್ರೆ ಸ್ಕ್ಯಾನ್ ಪೂರ್ತಿ ಆಗಿಲ್ಲ ಅಂತ, ಏನೂ ಇಲ್ಲ ಅಂತ ಅಲ್ಲ. ಇದನ್ನ ಕ್ಯಾನ್ಸರ್ ಸ್ಟೇಜ್ ಜೊತೆ ಕಲಸ್ಕೋಬೇಡಿ, ಓ-ರಾಡ್ಸ್ 4 ಅಂದ್ರೆ ನಾಲ್ಕನೇ ಸ್ಟೇಜ್ ಅಲ್ಲವೇ ಅಲ್ಲ, ಈ ಒಂದು ಗೊಂದಲಕ್ಕೆ ಮನೆಮಂದಿಯೆಲ್ಲಾ ಗೋಳಾಡಿದ್ದು ಉಂಟು.

ಸಿಎ-125 ಮಾಡಿಸೋದೇ ಆದ್ರೆ

ಇದು ನನ್ನ ಏರಿಯಾ, ಸ್ವಲ್ಪ ಉದ್ದ ಆಗತ್ತೆ.

ಖಾಲಿ ಹೊಟ್ಟೆ ಬೇಕಾಗಿಲ್ಲ. ಪಿರಿಯಡ್ಸ್ ಟೈಮಲ್ಲಿ ಕೊಡ್ಬೇಡಿ, ಆಗ ಆರೋಗ್ಯವಾಗಿರೋರಿಗೂ ಏರತ್ತೆ. ಕೂದಲು ಉದುರೋದಕ್ಕೆ ಬಯೋಟಿನ್ ಮಾತ್ರೆ ತಗೋತಿದ್ರೆ ಬಾಯ್ಬಿಟ್ಟು ಹೇಳಿ, ಕೆಲವು ಕಂಪನಿ ಕಿಟ್‌ಗಳಲ್ಲಿ ಟೆಸ್ಟು ನಡೆಯೋದೇ ಬಯೋಟಿನ್ ಅಂಟಿನ ಮೇಲೆ, ರಕ್ತದಲ್ಲಿ ಅದು ಜಾಸ್ತಿ ಇದ್ರೆ ಸಿಎ-125 ಇರೋದಕ್ಕಿಂತ ಕಮ್ಮಿ ತೋರಿಸ್ಬೋದು. ನಾವು ಎರಡು ದಿನ ಮುಂಚೆ ನಿಲ್ಸಿ ಬನ್ನಿ ಅಂತೀವಿ. ಮತ್ತೆ ರಿಪೀಟ್ ಮಾಡಿಸೋದಾದ್ರೆ ಅದೇ ಲ್ಯಾಬಲ್ಲಿ, ಅದೇ ಮಶೀನಲ್ಲಿ ಮಾಡಿಸಿ. ಒಂದು ಕಂಪನಿ ಕಿಟ್ಟಲ್ಲಿ ಬಂದ 42ನ್ನ ಇನ್ನೊಂದು ಕಂಪನಿ ಕಿಟ್ಟಲ್ಲಿ ಬಂದ 55ರ ಜೊತೆ ಇಟ್ಟು 'ಏರಿದೆ' ಅನ್ನೋಕಾಗಲ್ಲ. ಆಫರ್ ಇದೆ ಅಂತ ಪ್ರತಿ ಸಲ ಲ್ಯಾಬ್ ಬದಲಾಯಿಸಿದ್ರೆ ಆ ನಂಬರ್‌ಗಳ ಸಾಲು ಯಾವುದಕ್ಕೂ ಉಪಯೋಗ ಇಲ್ಲ.

35 ಅನ್ನೋ ಗೆರೆ ಎಲ್ಲಿಂದ ಬಂತು ಅಂದ್ರೆ, ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತವರ ತಂಡ 1983ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರಷ್ಟೇ 35 ದಾಟಿದ್ರು, ಓವರಿ ಕ್ಯಾನ್ಸರ್ ಇದ್ದೋರಲ್ಲಿ ನೂರಕ್ಕೆ 82 ಜನ ದಾಟಿದ್ರು. ಕೇಳೋಕೆ ಚೆನ್ನಾಗಿದೆ, ಆದ್ರೆ ಮೊದಲ ಸ್ಟೇಜಿನೋರನ್ನ ಮಾತ್ರ ತಗೊಂಡ್ರೆ ಸುಮಾರು ಅರ್ಧ ಜನಕ್ಕೆ ನಂಬರ್ ನಾರ್ಮಲ್ಲೇ ಇರತ್ತೆ. ಅಂದ್ರೆ ಯಾವಾಗ ಸಿಕ್ರೆ ಉಪಯೋಗವೋ ಆವಾಗ್ಲೇ ಅದು ಕೈ ಕೊಡತ್ತೆ. ಮ್ಯೂಸಿನಸ್ ಅನ್ನೋ ಜಾತಿಯ ಗಡ್ಡೆಗಳಲ್ಲಿ ಎಷ್ಟೇ ದೊಡ್ಡದಾದ್ರೂ ಸಿಎ-125 ಏರದೇ ಇರ್ಬೋದು, ಅಲ್ಲಿ ಸಿಇಎ, ಸಿಎ 19-9 ಅನ್ನೋ ಬೇರೆ ಮಾರ್ಕರ್‌ಗಳನ್ನೂ ಜೊತೆಗೆ ನೋಡ್ತಾರೆ.

ಉಲ್ಟಾ ಕಡೆ, ಕ್ಯಾನ್ಸರ್ ಇಲ್ದೇ ಏರೋದಕ್ಕೆ ಕಾರಣ ಒಂದೆರಡಲ್ಲ: ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯೋದು, ಓವರಿಯಲ್ಲಾದ್ರೆ ಚಾಕೊಲೇಟ್ ಸಿಸ್ಟ್), ಫೈಬ್ರಾಯ್ಡ್, ಅಡಿನೋಮಯೋಸಿಸ್ (ಅದೇ ಪದರ ಗರ್ಭಕೋಶದ ಗೋಡೆಯೊಳಗೆ ಬೆಳೆಯೋದು), ಒಳಗಿನ ಇನ್‌ಫೆಕ್ಷನ್, ಬಸುರಿ ಮೊದಲ ತಿಂಗಳು, ಲಿವರ್ ಕೆಟ್ಟು ಹೊಟ್ಟೇಲಿ ನೀರು ತುಂಬೋದು, ಹಾರ್ಟ್ ಫೇಲ್ಯೂರ್, ಇತ್ತೀಚೆಗೆ ಹೊಟ್ಟೆ ಆಪರೇಷನ್ ಆಗಿರೋದು. ಸಿಎ-125 ಹುಟ್ಟೋದು ಬರೀ ಓವರಿಯಲ್ಲಲ್ಲ, ಹೊಟ್ಟೆ, ಎದೆ, ಹೃದಯದ ಸುತ್ತ ಇರೋ ತೆಳು ಪೊರೆಗಳಿಗೆ ಉರಿಯೂತ ಆದ್ರೂ ಅದು ರಕ್ತಕ್ಕೆ ಇಳಿಯತ್ತೆ.

ನಮ್ಮ ದೇಶದಲ್ಲಿ ಮರೀಬಾರದ ಒಂದು ಕಾರಣ ಹೊಟ್ಟೆ ಟಿಬಿ. ಹೊಟ್ಟೇಲಿ ನೀರು, ತೂಕ ಇಳಿಕೆ, ಸಂಜೆ ಜ್ವರ, ಸಿಟಿ ಸ್ಕ್ಯಾನಲ್ಲಿ ಪೊರೆ ದಪ್ಪ, ಸಿಎ-125 ನೂರುಗಟ್ಟಲೆ, ಕೆಲವು ಸಲ ಸಾವಿರ ದಾಟಿ. ಪೇಪರ್ ಮೇಲೆ ನೋಡಿದ್ರೆ ಮೂರನೇ ಸ್ಟೇಜ್ ಓವರಿ ಕ್ಯಾನ್ಸರ್ ಅಂತಾನೇ ಅನ್ಸತ್ತೆ, ಆದ್ರೆ ನೀರು ತೆಗೆದು ಎಡಿಎ (ಟಿಬಿ ಇದ್ರೆ ಆ ನೀರಲ್ಲಿ ಏರೋ ಒಂದು ಪದಾರ್ಥ) ನೋಡಿ, ಪೊರೆಯ ಬಯಾಪ್ಸಿ ಮಾಡಿದ್ರೆ ಟಿಬಿ. ಆರು ತಿಂಗಳು ಮಾತ್ರೆ ತಗೊಂಡ್ರೆ ಗುಣ ಆಗೋ ಕಾಯಿಲೆ! ಅದಕ್ಕೆ, ಬಯಾಪ್ಸಿಯೋ ಕಡೇಪಕ್ಷ ನೀರಿನ ಪರೀಕ್ಷೆಯೋ ಇಲ್ದೇ ಬರೀ ಸಿಎ-125 ಮತ್ತು ಸಿಟಿ ಇಟ್ಕೊಂಡು ಕೀಮೋ ಶುರು ಮಾಡೋಣ ಅಂತ ಯಾರಾದ್ರೂ ಅಂದ್ರೆ ಇನ್ನೊಬ್ಬ ಡಾಕ್ಟ್ರ ಅಭಿಪ್ರಾಯ ಕೇಳಿ.

ಎಚ್‌ಇ4 ಅಂತ ಇನ್ನೊಂದು ಮಾರ್ಕರ್ ಇದೆ, ಅದು ಎಂಡೋಮೆಟ್ರಿಯೋಸಿಸಲ್ಲಿ ಸಾಮಾನ್ಯವಾಗಿ ಏರಲ್ಲ, ಹಂಗಾಗಿ ವಯಸ್ಸಲ್ಲಿರೋರಿಗೆ ಸುಳ್ಳು ಗಾಬರಿ ಕಮ್ಮಿ. ಆದ್ರೆ ಕಿಡ್ನಿ ತೊಂದ್ರೆ ಇರೋರಲ್ಲಿ, ವಯಸ್ಸಾದೋರಲ್ಲಿ, ಸಿಗರೇಟ್ ಸೇದೋರಲ್ಲಿ ಅದೂ ಏರತ್ತೆ. ಈ ಎರಡು ಮಾರ್ಕರ್ ಜೊತೆ ಮುಟ್ಟು ನಿಂತಿದ್ಯಾ ಇಲ್ವಾ ಅನ್ನೋದನ್ನೂ ಸೇರಿಸಿ 'ರೋಮಾ' ಅಂತ ಪರ್ಸೆಂಟೇಜ್ ತೆಗೀತಾರೆ. ಮುಟ್ಟಿನ ವಿಷಯ ಲ್ಯಾಬ್ ಫಾರ್ಮಲ್ಲಿ ತಪ್ಪು ಬರೆದ್ರೆ ರಿಸಲ್ಟೇ ತಿರುಗತ್ತೆ, ಯಾಕಂದ್ರೆ ಎರಡಕ್ಕೂ ಫಾರ್ಮುಲಾನೇ ಬೇರೆ. ಗರ್ಭಕೋಶ ತೆಗೆಸಿ ಓವರಿ ಉಳಿಸ್ಕೊಂಡಿರೋರು ಅದನ್ನ ಸ್ಪಷ್ಟವಾಗಿ ಬರೀರಿ, ಪಿರಿಯಡ್ಸ್ ಇಲ್ಲ ಅಂದ ತಕ್ಷಣ ಮುಟ್ಟು ನಿಂತಿದೆ ಅಂತಲ್ಲ. ಮತ್ತೆ ರೋಮಾ ಮಾಡೋದು ಗಡ್ಡೆ ಸಿಕ್ಕಿರೋರಿಗೆ ಮಾತ್ರ, ಸುಮ್ಸುಮ್ನೆ ಚೆಕಪ್ಪಿಗಲ್ಲ.

ಚಿಕ್ಕ ಹುಡುಗೀರು, ಇಪ್ಪತ್ತರ ಆಸುಪಾಸಿನೋರಿಗೆ ಓವರಿಯಲ್ಲಿ ಗಟ್ಟಿ ಗಡ್ಡೆ ಸಿಕ್ರೆ ಸಿಎ-125 ಒಂದೇ ಮಾಡಿಸಿ ಸುಮ್ನಾಗೋದು ತಪ್ಪು. ಆ ವಯಸ್ಸಿನಲ್ಲಿ ಹೆಚ್ಚಾಗಿ ಬರೋದು ಜರ್ಮ್ ಸೆಲ್ (ಮೊಟ್ಟೆ ಆಗೋ ಜೀವಕೋಶದಿಂದ ಹುಟ್ಟೋ) ಜಾತಿ, ಅದಕ್ಕೆ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಅನ್ನೋ ರಕ್ತದ ಟೆಸ್ಟ್ ಮೂರೂ ಬೇಕು.

ಎರಡನ್ನೂ ಕೂಡಿಸೋ ಲೆಕ್ಕ

ಆರ್‌ಎಂಐ ಅಂತ ಒಂದು ರಿಸ್ಕ್ ಲೆಕ್ಕ ಇದೆ, 1990ರಲ್ಲಿ ಇಯಾನ್ ಜೇಕಬ್ಸ್ ಮತ್ತು ತಂಡ ಮಾಡಿದ್ದು, ಪೇಪರ್ ಪೆನ್ ಇದ್ರೆ ಸಾಕು. ಸ್ಕ್ಯಾನಲ್ಲಿ ಐದು ವಿಷಯ ನೋಡಿ: ಕೋಣೆಕೋಣೆ ಇದ್ಯಾ, ಗಟ್ಟಿ ಭಾಗ ಇದ್ಯಾ, ಎರಡೂ ಕಡೆ ಇದ್ಯಾ, ಹೊಟ್ಟೇಲಿ ನೀರಿದ್ಯಾ, ಬೇರೆ ಕಡೆ ಹರಡಿದ್ಯಾ. ಒಂದೂ ಇಲ್ಲ ಅಂದ್ರೆ 0, ಒಂದಿದ್ರೆ 1, ಎರಡು ಅಥವಾ ಜಾಸ್ತಿ ಇದ್ರೆ 3. ಮುಟ್ಟು ನಿಂತಿಲ್ಲ ಅಂದ್ರೆ 1, ನಿಂತಿದ್ರೆ 3. ಈ ಎರಡನ್ನೂ ಸಿಎ-125 ಜೊತೆ ಗುಣಿಸಿ. 200 ದಾಟಿದ್ರೆ ರಿಸ್ಕ್ ಜಾಸ್ತಿ ಅಂತ, ಕೆಲವು ಕಡೆ 250 ಇಟ್ಕೋತಾರೆ.

58 ವಯಸ್ಸು, ಮುಟ್ಟು ನಿಂತಿದೆ, ಕೋಣೆಕೋಣೆ ಗಡ್ಡೆ ಜೊತೆಗೆ ನೀರು, ಸಿಎ-125 90 ಅನ್ಕೊಳ್ಳಿ. 3 ಗುಣಿಸು 3 ಗುಣಿಸು 90, ಒಟ್ಟು 810. ತಡ ಮಾಡೋ ಹಾಗಿಲ್ಲ. ಅದೇ 34 ವಯಸ್ಸಿನ ಹೆಂಗಸು, ಎರಡೂ ಕಡೆ ಚಾಕೊಲೇಟ್ ಸಿಸ್ಟ್, ಸಿಎ-125 180. ಒಂದು ಗುರುತು, ಮುಟ್ಟು ನಿಂತಿಲ್ಲ, 1 ಗುಣಿಸು 1 ಗುಣಿಸು 180, ಅಂದ್ರೆ 180. ನಂಬರ್ ಮೊದಲನೆಯೋರ ಎರಡರಷ್ಟಿದ್ರೂ ಗೆರೆ ದಾಟ್ಲಿಲ್ಲ. ಬರೀ ಎಚ್ ಅನ್ನೋ ಅಕ್ಷರ ನೋಡಿದ್ರೆ ಯಾರು ಹೆದರ್ತಿದ್ರು ಯೋಚ್ನೆ ಮಾಡಿ.

ಆದ್ರೆ ಈ ಗುಣಾಕಾರಕ್ಕೂ ಒಂದು ತೂತಿದೆ. 60 ವಯಸ್ಸು, 14 ಸೆಂಟಿಮೀಟರ್ ಗಡ್ಡೆ, ಕೋಣೆಕೋಣೆ, ಗಟ್ಟಿ ಭಾಗ, ರಕ್ತ ಓಡಾಟ ಜೋರು, ಆದ್ರೆ ಸಿಎ-125 ಬರೀ 18. 3 ಗುಣಿಸು 3 ಗುಣಿಸು 18 ಅಂದ್ರೆ 162, ಪಾಸ್! ಸ್ಕ್ಯಾನ್ ಕಿರುಚ್ತಾ ಇದೆ, ರಕ್ತದ ನಂಬರ್ ಅದರ ಬಾಯಿ ಮುಚ್ಚಿಸ್ತು. ಹಿಂಗಾದಾಗ ಸ್ಕ್ಯಾನನ್ನೇ ನಂಬ್ಬೇಕು. ಇದೇ ಕಾರಣಕ್ಕೆ ಐಓಟಿಎದೋರು 2014ರಲ್ಲಿ ಎಡ್‌ನೆಕ್ಸ್ ಅಂತ ಒಂದು ಕ್ಯಾಲ್ಕುಲೇಟರ್ ತಂದ್ರು, ಅದು ಸಿಎ-125 ಇದ್ರೂ ನಡೆಯತ್ತೆ, ಇಲ್ದಿದ್ರೂ ನಡೆಯತ್ತೆ. ಆದ್ರೆ ಅದನ್ನ ತುಂಬೋದು ಸ್ಕ್ಯಾನ್ ಮಾಡಿದ ಡಾಕ್ಟ್ರು, ನೀವು ಮನೇಲಿ ಕೂತು ಅಂದಾಜಲ್ಲಿ ತುಂಬ್ಬೇಡಿ.

ಹಂಗೇ, ಗಾಬರಿ ಬೇಡದ ಕಡೆ ಬೇಡ. ವಯಸ್ಸಲ್ಲಿರೋರಿಗೆ 5 ಸೆಂಟಿಮೀಟರಿಗಿಂತ ಚಿಕ್ಕದಾದ ಬರೀ ನೀರಿನ ಸಿಸ್ಟ್ ಸಿಕ್ರೆ ಅದು ಎರಡು ಮೂರು ಮುಟ್ಟಲ್ಲಿ ಸಾಮಾನ್ಯವಾಗಿ ತಾನೇ ಹೋಗತ್ತೆ, ಸಿಎ-125 ಕೂಡ ಬೇಕಾಗಿಲ್ಲ. ಮುಟ್ಟು ನಿಂತೋರಿಗೂ 5ಕ್ಕಿಂತ ಚಿಕ್ಕ, ಒಂದೇ ಕೋಣೆ, ಒಂದೇ ಕಡೆ, ಸಿಎ-125 ನಾರ್ಮಲ್ ಅಂದ್ರೆ ನಾಲ್ಕರಿಂದ ಆರು ತಿಂಗಳಿಗೆ ಮತ್ತೊಂದು ಸ್ಕ್ಯಾನ್ ಮಾಡಿ ನೋಡೋದೇ ರೂಢಿ, ತಕ್ಷಣ ಆಪರೇಷನ್ ಅಂತ ಹೇಳಿದ್ರೆ ಯಾಕೆ ಅಂತ ಕೇಳೋ ಹಕ್ಕು ನಿಮಗಿದೆ.

ಎಂಆರ್‌ಐ, ಸಿಟಿ, ಪೆಟ್

ದುಡ್ಡು ಜಾಸ್ತಿ ಇದ್ದಷ್ಟೂ ಟೆಸ್ಟ್ ಒಳ್ಳೇದು ಅಂತಲ್ಲ, ಒಂದೊಂದಕ್ಕೆ ಒಂದೊಂದು ಕೆಲಸ. ಟಿವಿಎಸ್‌ನಲ್ಲಿ ಒಳ್ಳೇದಾ ಕೆಟ್ಟದ್ದಾ ಗೊತ್ತಾಗ್ತಿಲ್ಲ ಅಂದ್ರೆ ಎಂಆರ್‌ಐ, ಅದೂ ಕಾಂಟ್ರಾಸ್ಟ್ ಹಾಕಿ, ಅದಕ್ಕೆ ಮುಂಚೆ ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್) ನೋಡ್ತಾರೆ. ಗಡ್ಡೆಯ ಗುಣ ಹೇಳೋದ್ರಲ್ಲಿ ಅದನ್ನ ಈ ಮೂರರಲ್ಲಿ ಬೇರೆ ಯಾವುದೂ ಮೀರಿಸಲ್ಲ. ಸಿಟಿಗೆ ಗಡ್ಡೆ ಎಂಥದ್ದು ಅಂತ ಹೇಳೋ ಶಕ್ತಿ ಕಮ್ಮಿ, ಎಲ್ಲೆಲ್ಲಿ ಹರಡಿದೆ ಅಂತ ಹೇಳೋ ಶಕ್ತಿ ಜಾಸ್ತಿ, ಕ್ಯಾನ್ಸರ್ ಸಂಶಯ ಗಟ್ಟಿಯಾದ ಮೇಲೆ ಆಪರೇಷನ್ ಮಾಡೋಕಾಗತ್ತಾ ಅಥವಾ ಮೊದಲು ಕೀಮೋನಾ ಅಂತ ತೀರ್ಮಾನ ಮಾಡೋಕೆ ಅದು ಬೇಕು. ಅದರಲ್ಲೂ ಕರುಳಿನ ಮೇಲಿನ ಸಣ್ಣ ಕಾಳುಗಳು ತಪ್ಪಿಸ್ಕೊಳತ್ತೆ. ಪೆಟ್-ಸಿಟಿ ಮುಖ್ಯವಾಗಿ ಟ್ರೀಟ್‌ಮೆಂಟ್ ಆದ ಮೇಲೆ ಮತ್ತೆ ಬಂದಿದೆ ಅನ್ನೋ ಸಂಶಯಕ್ಕೆ. ಟಿಬಿನೂ ಅದರಲ್ಲಿ ಕ್ಯಾನ್ಸರ್ ತರಾನೇ ಹೊಳೆಯತ್ತೆ, ಮೊದಲ ಟೆಸ್ಟಾಗಿ ಮಾಡಿಸೋದು ದುಡ್ಡು ದಂಡ.

ಮನೆತನದಲ್ಲಿ ಇದ್ರೆ, ಟ್ರೀಟ್‌ಮೆಂಟ್ ಆಗಿದ್ರೆ

ಅಮ್ಮನಿಗೋ ಅಕ್ಕತಂಗಿಗೋ ಚಿಕ್ಕಮ್ಮನಿಗೋ ಓವರಿ ಅಥವಾ ಚಿಕ್ಕ ವಯಸ್ಸಲ್ಲಿ ಸ್ತನ ಕ್ಯಾನ್ಸರ್ ಆಗಿದ್ರೆ ಪ್ರತಿ ವರ್ಷ ಸಿಎ-125 ಮಾಡಿಸ್ಕೊಂಡು ಕೂರೋದಕ್ಕಿಂತ ಬಿಆರ್‌ಸಿಎ ಜೀನ್ ಟೆಸ್ಟ್ ಬಗ್ಗೆ ಕೇಳಿ. ಮೊದಲು ಕಾಯಿಲೆ ಬಂದಿರೋರಿಗೇ ಮಾಡಿಸೋದು ಸರಿಯಾದ ಕ್ರಮ, ಅವರಲ್ಲಿ ತಪ್ಪು ಸಿಕ್ರೆ ಉಳಿದೋರಿಗೆ ಅದನ್ನಷ್ಟೇ ಹುಡುಕಿದ್ರೆ ಆಯ್ತು, ಖರ್ಚೂ ಕಮ್ಮಿ. ಬಿಆರ್‌ಸಿಎ1ರಲ್ಲಿ ತಪ್ಪಿದ್ರೆ 80 ವಯಸ್ಸಿನೊಳಗೆ ನೂರಕ್ಕೆ ಸುಮಾರು 44 ಜನಕ್ಕೆ, ಬಿಆರ್‌ಸಿಎ2ರಲ್ಲಿ ಸುಮಾರು 17 ಜನಕ್ಕೆ ಓವರಿ ಕ್ಯಾನ್ಸರ್ ಬರತ್ತೆ ಅನ್ನೋದು 2017ರ ಒಂದು ದೊಡ್ಡ ಅಧ್ಯಯನದ ಲೆಕ್ಕ. ಇವರಿಗೆ ಸ್ಕ್ಯಾನ್ ಮತ್ತು ರಕ್ತ ಎರಡೂ ಮಾಡ್ತಾ ಹೋದ್ರೂ ಜೀವ ಉಳಿಯತ್ತೆ ಅನ್ನೋದಕ್ಕೆ ಸಾಕ್ಷಿ ಇಲ್ಲ, ಮಕ್ಕಳಾದ ಮೇಲೆ ಬಿಆರ್‌ಸಿಎ1 ಆದ್ರೆ 35ರಿಂದ 40ರಲ್ಲಿ, ಬಿಆರ್‌ಸಿಎ2 ಆದ್ರೆ 40ರಿಂದ 45ರಲ್ಲಿ ಟ್ಯೂಬು ಓವರಿ ತೆಗೆಸೋದೇ ನಿಜವಾದ ರಕ್ಷಣೆ. ಹೇಳೋಕೆ ಸುಲಭ, ನಿರ್ಧಾರ ಮಾಡೋದು ಕಷ್ಟ, ಜೆನೆಟಿಕ್ ಕೌನ್ಸೆಲರ್ ಹತ್ರ ಗಂಡನ್ನೂ ಕರ್ಕೊಂಡ್ಹೋಗಿ ಮಾತಾಡಿ.

ಟ್ರೀಟ್‌ಮೆಂಟ್ ಆಗಿರೋರಿಗೆ ಸಿಎ-125 ನಿಜಕ್ಕೂ ಒಳ್ಳೇ ಮಾರ್ಕರ್, ಕೀಮೋ ಕೆಲಸ ಮಾಡ್ತಿದ್ಯಾ ಅಂತ ಚೆನ್ನಾಗಿ ಹೇಳತ್ತೆ. ಆದ್ರೆ ಕೀಮೋ ಎಲ್ಲಾ ಮುಗಿದ ಮೇಲೆ ತಿಂಗಳು ತಿಂಗಳು ಮಾಡಿಸಿ 14 ಇದ್ದದ್ದು 19 ಆಯ್ತು ಅಂತ ನಿದ್ದೆಗೆಡೋದು ಬೇಡ. 2010ರಲ್ಲಿ ಬಂದ ಒಂದು ಯುರೋಪಿಯನ್ ಟ್ರಯಲಲ್ಲಿ, ನಂಬರ್ ಏರಿದ ತಕ್ಷಣ ಮತ್ತೆ ಕೀಮೋ ಕೊಟ್ಟೋರೂ, ತೊಂದ್ರೆ ಕಾಣಿಸ್ಕೊಂಡ ಮೇಲೆ ಕೊಟ್ಟೋರೂ ಬದುಕಿದ್ದು ಅಷ್ಟೇ ದಿನ, ಬೇಗ ಶುರು ಮಾಡಿದೋರು ಕೀಮೋದ ಕಷ್ಟ ಜಾಸ್ತಿ ದಿನ ಅನುಭವಿಸಿದ್ರು. ಎಷ್ಟು ದಿನಕ್ಕೊಮ್ಮೆ ಬೇಕು ಅಂತ ನಿಮ್ಮ ಆಂಕಾಲಜಿಸ್ಟ್ ಹತ್ರ ಕೇಳಿ ಅಷ್ಟಕ್ಕೇ ಮಾಡಿಸಿ.

ಸಂಶಯ ಬಂದ ಮೇಲೆ

ಆರ್‌ಎಂಐ 200 ದಾಟಿದೆ, ಅಥವಾ ಓ-ರಾಡ್ಸ್ 4, 5 ಅಂದ್ರೆ ಆಪರೇಷನ್ನಿಗೆ ಮುಂಚೆ ಗೈನೆಕ್ ಆಂಕಾಲಜಿಸ್ಟ್ (ಹೆಂಗಸರ ಕ್ಯಾನ್ಸರ್ ನೋಡೋ ಡಾಕ್ಟ್ರು) ನೋಡ್ಬೇಕು, ಊರಲ್ಲಿ ಸಿಸ್ಟ್ ತೆಗೆಸ್ಕೊಂಡು ಬಯಾಪ್ಸಿ ಬಂದ ಮೇಲೆ ಓಡೋದಲ್ಲ. ಬೆಂಗಳೂರಲ್ಲಿ ಕಿದ್ವಾಯಿ ಇದೆ, ದೊಡ್ಡ ಖಾಸಗಿ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಇರ್ತಾರೆ. ಓವರಿ ಒಳಗೇ ಇರೋ ಹಾಗೆ ಕಾಣ್ತಿರೋ ಗಡ್ಡೆಗೆ ಹೊರಗಿಂದ ಸೂಜಿ ಚುಚ್ಚಿ ಎಫ್‌ಎನ್‌ಎಸಿ ಮಾಡೋಣ ಅಂದ್ರೆ ಒಪ್ಪೋಕೆ ಮುಂಚೆ ಎರಡು ಸಲ ಕೇಳಿ, ಒಳಗಿನ ನೀರು ಹೊಟ್ಟೆಗೆ ಚೆಲ್ಲಿದ್ರೆ ಒಳಗೇ ಗುಣ ಆಗ್ಬೋದಿದ್ದ ಕ್ಯಾನ್ಸರಿನ ಸ್ಟೇಜು ಮೇಲಕ್ಕೆ ಹೋಗತ್ತೆ. ಅಂಥದ್ದನ್ನ ಒಡೀದೇ ಇಡಿಯಾಗಿ ತೆಗೆದು, ಆಪರೇಷನ್ ಟೇಬಲ್ ಮೇಲಿರೋವಾಗ್ಲೇ ಫ್ರೋಜನ್ ಸೆಕ್ಷನ್ (ಒಂದು ಚೂರನ್ನ ತಕ್ಷಣ ಹೆಪ್ಪುಗಟ್ಟಿಸಿ ಮೈಕ್ರೋಸ್ಕೋಪಲ್ಲಿ ನೋಡೋದು) ನೋಡಿ ಮುಂದಿನದು ತೀರ್ಮಾನ ಮಾಡ್ತಾರೆ. ಈಗಾಗ್ಲೇ ಹರಡಿದ್ರೆ ಮಾತ್ರ ಸೂಜಿ ಬಯಾಪ್ಸಿಗೆ ಅರ್ಥ ಇದೆ, ಅಲ್ಲಿ ಕೀಮೋ ಮುಂಚೆ ಅದು ಬೇಕೇ ಬೇಕು.

ಹೋಗೋವಾಗ ಸಿಎ-125 ಎಲ್ಲಾ ರಿಪೋರ್ಟ್‌ನ ತಾರೀಖು, ಲ್ಯಾಬ್ ಹೆಸರು ಸಮೇತ ಒಂದು ಹಾಳೇಲಿ ಬರ್ಕೊಳ್ಳಿ, ಕೊನೇ ಮುಟ್ಟು ಯಾವಾಗ ಅಂತಾನೂ ಬರೀರಿ. ಸ್ಕ್ಯಾನಿನ ಪೇಪರ್ ಮಾತ್ರ ಸಾಲಲ್ಲ, ಎಂಆರ್‌ಐ ಸಿಟಿ ಆಗಿದ್ರೆ ಸಿಡಿ ಕೇಳಿ ತಗೊಳ್ಳಿ, ಪ್ರಿಂಟ್ ಮಾಡಿದ ಫಿಲ್ಮಲ್ಲಿ ಎಲ್ಲಾ ಚಿತ್ರ ಬರಲ್ಲ. ಕೆಲವು ಸೆಂಟರಲ್ಲಿ ಸಿಡಿಗೆ ಸ್ವಲ್ಪ ಎಕ್ಸ್‌ಟ್ರಾ ಕೇಳ್ತಾರೆ, ಕೊಟ್ಬಿಡಿ, ಅದಿಲ್ಲ ಅಂದ್ರೆ ಅಲ್ಲಿ ಹೋದ್ಮೇಲೆ ಅದೇ ಸ್ಕ್ಯಾನ್ ಮತ್ತೆ ಮಾಡಿಸ್ಬೇಕಾಗತ್ತೆ.